ರಾಜನ ಹಾರಿಕೆಗಾಗಿ ಕಾಯುತ್ತೇನೆಂದು ಹೇಳಿ ಎದ್ದುಹೋದವರಿಗೆ

ಚದುರಂಗ ಪರಂಪರೆ ಉತ್ಸವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ವೇದಿಕೆಯ ಮೇಲೆ ಹೇಳಿದ ಮಾತನ್ನು ಹತ್ತು ವರ್ಷದ ಒಬ್ಬ ಹುಡುಗಿ ನಂಬಿದಳು. ಅವಳ ಅಪರಾಧ ಅಷ್ಟೇ. ಅದಕ್ಕಾಗಿ ನಿಮ್ಮ ಸಮಿತಿ ಅವಳನ್ನು ಗೆಲ್ಲುತ್ತಿದ್ದ ಆಟದಿಂದ ಎಬ್ಬಿಸಿ ಕಳಿಸಿತು. ಗೆದ್ದವರಿಗೆಂದು ಇಟ್ಟಿದ್ದ ರಾಯಚೂರಿನ ವಸತಿ ಶಾಲೆಯ ಸೀಟನ್ನು ಇನ್ನೊಬ್ಬರಿಗೆ ಕೊಟ್ಟಿತು. ಅಂದು ಆ ಮಂಟಪದಲ್ಲಿ ನಿಮ್ಮ ಮಾತನ್ನು ನಂಬಿದವಳು ಅವಳೊಬ್ಬಳೇ. ಚಪ್ಪಾಳೆ ತಟ್ಟಿದ ಉಳಿದ ನಾನೂರು ಜನಕ್ಕೆ ಭಾಷಣ ಕೇಳಿ ಅಭ್ಯಾಸವಿತ್ತು.

ನಿಮಗೆ ನೆನಪಿರಲಿಕ್ಕಿಲ್ಲ. ದಿನಕ್ಕೆ ಮೂರು ಕಡೆ ದೀಪ ಹಚ್ಚುವವರಿಗೆ ಯಾವ ದೀಪದ ಮುಂದೆ ಏನು ಹೇಳಿದೆವು ಎಂಬುದು ನೆನಪಿರುವುದು ಕಷ್ಟ. ಹಾಗಾಗಿ ನಾನೇ ಹೇಳುತ್ತೇನೆ. ಕಳೆದ ತಿಂಗಳ ಎರಡನೇ ಶನಿವಾರ, ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರದ ಕಲ್ಯಾಣ ಮಂಟಪ. ನಿಮ್ಮ ಹಿಂದೆ ವೇದಿಕೆಯಷ್ಟೇ ಅಗಲದ ಬ್ಯಾನರು. ಅದರಲ್ಲಿ ಒಂದು ಆನೆ, ಆನೆಗಿಂತ ದೊಡ್ಡದಾಗಿ ನಿಮ್ಮ ಮುಖ. ಜಗತ್ತಿಗೆ ಚದುರಂಗ ಕೊಟ್ಟವರು ನಾವು ಎಂದಿರಿ. ಆನೆ, ಕುದುರೆ, ರಥ, ಕಾಲಾಳುಗಳ ನಮ್ಮ ಸೈನ್ಯ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಯುರೋಪು ಸೇರಿತು ಎಂದಿರಿ. ಇಲ್ಲಿಂದ ಹೊರಟ ಮಂತ್ರಿ ಯುರೋಪಿನಲ್ಲಿ ರಾಣಿಯಾದ ಎಂಬ ಸಾಲಿಗೆ ನೀವೇ ನಕ್ಕಿರಿ. ನಮ್ಮ ಮಣೆಯ ಮೇಲೆ ಒಬ್ಬ ಹೆಂಗಸಿಗೂ ಜಾಗವಿರಲಿಲ್ಲ, ಅದು ಪರದೇಶದಲ್ಲಿ ಸಿಕ್ಕಿತು ಎಂಬುದು ಆ ಸಾಲಿನ ಅರ್ಥ. ನಗುವಂಥದ್ದು ಅದರಲ್ಲಿ ಏನಿತ್ತೋ ತಿಳಿಯಲಿಲ್ಲ.

ಆಮೇಲೆ ನಾಲ್ಕನೇ ಪ್ಯಾರಾ ಓದಿದಿರಿ. ಅದನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ: "ನಮ್ಮ ಹಿರಿಯರ ಆಟದಲ್ಲಿ ರಾಜನಿಗೆ ಒಂದು ಹಕ್ಕಿತ್ತು. ಇನ್ನೂ ಒಂದು ಚೆಕ್ ಕೂಡ ಕಾಣದ ರಾಜ, ಇಡೀ ಆಟದಲ್ಲಿ ಒಂದೇ ಒಂದು ಸಲ, ಕುದುರೆಯಂತೆ ಹಾರಬಹುದಿತ್ತು. ಆ ಹಾರಿಕೆಯನ್ನು ನಾವು ಮರೆತೆವು. ಅದನ್ನು ಮತ್ತೆ ಆಡಿ ತೋರಿಸುವ ಮಗು ಇವತ್ತು ಈ ಮಂಟಪದಲ್ಲೇ ಇರಬಹುದು. ಆ ಮಗುವಿಗಾಗಿ ನಾನು ಕಾಯುತ್ತೇನೆ."

ಕಾಯುತ್ತೇನೆ ಎಂದಿರಿ. ಹನ್ನೊಂದು ನಿಮಿಷ ಕಾದು, ಇನ್ನೊಂದು ಉದ್ಘಾಟನೆಗೆಂದು ಮಾನ್ವಿಗೆ ಹೊರಟಿರಿ.

ಮಗು ನಿಜಕ್ಕೂ ಅಲ್ಲಿಯೇ ಇತ್ತು. ಅರಕೇರಾದ ಹುಲಗೆಮ್ಮ. ಅಂದು ಬೆಳಗಿನಿಂದ ಆರು ಜನರನ್ನು ಸೋಲಿಸಿದ್ದಳು, ಒಬ್ಬೊಬ್ಬರಿಗೂ ಹತ್ತು ನಿಮಿಷ ಹಿಡಿಯಲಿಲ್ಲ. ಕೊನೆಯ ಆಟ ನಗರದ ಕೋಚಿಂಗ್ ಸೆಂಟರಿನ ಹುಡುಗಿಯ ಜೊತೆ. ಆನೆಯೊಂದನ್ನು ಆಗಲೇ ಹೊಡೆದಿದ್ದಳು. ಅವಳ ರಾಜನಿಗೆ ಯಾವ ಅಪಾಯವೂ ಇರಲಿಲ್ಲ. ಆ ಹೊತ್ತಿನಲ್ಲಿ ಅವಳು ರಾಜನನ್ನು ಎತ್ತಿ, ಕುದುರೆ ಹಾರುವ ಹಾಗೆ ಎರಡು ಮನೆ ಮುಂದೆ ಒಂದು ಮನೆ ಪಕ್ಕಕ್ಕೆ ಇಟ್ಟು, ಎದ್ದು ನಿಂತು ವೇದಿಕೆಯ ಕಡೆ ನೋಡಿದಳು. ನಿಮ್ಮ ಕುರ್ಚಿಯ ಮೇಲೆ ಬಿಳಿ ಟವೆಲ್ ಮಾತ್ರ ಇತ್ತು.

"ಇದೇನ್ ಕುಂಟಾಟ ಅಂದ್ಕೊಂಡಿಯೇನ್ ಬೇ?" ಎಂದರು ಎದುರಾಳಿಯ ಕೋಚ್. ಸುತ್ತ ನಿಂತವರು ನಕ್ಕರು. ನಿಮ್ಮ ಸಮಿತಿ ತೀರ್ಪುಗಾರರೆಂದು ಕೂರಿಸಿದ್ದ ಬೀರೇಶ ಎಂಬ ವ್ಯಾಯಾಮ ಶಿಕ್ಷಕರು ಬಂದು ಮಣೆ ನೋಡಿದರು.

"ತಪ್ಪು ನಡಿ. ಆಟ ಮುಗೀತು. ಏಳವ್ವ."

"ಸರ್, ಸಾಹೇಬ್ರು ಹೇಳ್ಯಾರ್ರಿ."

"ಭಾಷಣ ಬ್ಯಾರೆ, ಆಟ ಬ್ಯಾರೆ ಬೇ. ಏಳು."

ಈ ಮಾತನ್ನು ಚೌಕಟ್ಟು ಹಾಕಿಸಿ ನಿಮ್ಮ ಕಚೇರಿಯ ಗೋಡೆಗೆ ತೂಗಿಹಾಕಬೇಕೆಂದು ನನ್ನ ಸಲಹೆ. ನಿಮ್ಮ ಇಡೀ ಸೇವಾವಧಿಯನ್ನು ಇಷ್ಟು ಚಿಕ್ಕದಾಗಿ ಬೇರೆ ಯಾರೂ ಬರೆಯಲಾರರು.

ಹಾರಿಕೆ ಇಂದಿನ ಆಟದಲ್ಲಿ ತಪ್ಪು ನಡೆಯೇ, ಒಪ್ಪುತ್ತೇನೆ. ಆದರೆ ತಪ್ಪು ನಡೆಗೆ ನಿಯಮ ಏನು ಹೇಳುತ್ತದೆ? ಮೊದಲ ಸಲವಾದರೆ ನಡೆಯನ್ನು ಹಿಂದಕ್ಕೆ ತೆಗೆದು, ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಟ್ಟು, ಆಟ ಮುಂದುವರಿಸಬೇಕು. ಎರಡನೇ ಸಲ ಮಾಡಿದರೆ ಮಾತ್ರ ಸೋಲು. ಎಂ.ಎ. ಕನ್ನಡ ಓದಿದ, ಕಾಯಿಗಿಂತ ಕವಿತೆ ಹೆಚ್ಚು ಬಲ್ಲ ನನಗೆ ಇದನ್ನು ಹುಡುಕಿ ಓದಲು ಕಾಲು ಗಂಟೆ ಸಾಕಾಯಿತು. ಚದುರಂಗವನ್ನು ಜಗತ್ತಿಗೆ ಕೊಟ್ಟ ನಿಮ್ಮ ಸಮಿತಿಯ ಇಪ್ಪತ್ತೊಂದು ಮಂದಿ ಸದಸ್ಯರಿಗೆ ಆ ಕಾಲು ಗಂಟೆ ಸಿಗಲಿಲ್ಲವೇ? ಆಮೇಲೆ ನಾನು ಕಳಿಸಿದ ಮನವಿಗೆ ನೀವು ಸಹಿ ಮಾಡಿ ಕೊಟ್ಟ ಉತ್ತರದಲ್ಲಿ "ಸ್ಪರ್ಧಿಯು ನಿಯಮಗಳನ್ನು ಅರಿತು ಬರತಕ್ಕದ್ದು" ಎಂದಿದೆ. ಹತ್ತು ವರ್ಷದವಳು ಅರಿತು ಬರಬೇಕು. ಅಧ್ಯಕ್ಷರು ಅರಿಯದೆ ಕೂರಬಹುದು. ಇದು ಯಾವ ಪ್ರಾಚೀನ ಪರಂಪರೆಯದು, ದಯವಿಟ್ಟು ತಿಳಿಸಿ.

ನಿಜವೆಂದರೆ ಅವಳು ಅರಿತೇ ಬಂದಿದ್ದಳು. ಮರುವಾರ ಅರಕೇರಾಕ್ಕೆ ಹೋದಾಗ ನನಗೆ ಇದು ತಿಳಿಯಿತು. ಅವಳಿಗೆ ಆಟ ಕಲಿಸಿದವರು ಹತ್ತಿ ಹಿಂಜಿ ಗಾದಿ ತುಂಬುವ ಮುದುಕ ನಬೀಸಾಬ್. ಅವರ ಹಾಸುಗೆಯ ಕೌದಿಯಲ್ಲಿ ಕಪ್ಪು ಬಿಳಿ ಅರಿವೆಯ ಅರವತ್ತನಾಲ್ಕು ತುಂಡು ಹೊಲಿದಿದ್ದಾರೆ, ಅದೇ ಮಣೆ. ಹುಲಗೆಮ್ಮ ಕೌದಿಗೆ ಬೆನ್ನು ಮಾಡಿ ಕೂತು, ಹತ್ತಿಯಿಂದ ಬೀಜ ಬಿಡಿಸುತ್ತ, ಬಾಯಲ್ಲೇ ನಡೆ ಹೇಳುತ್ತಿದ್ದಳು. ತಮ್ಮ ನಡೆಯನ್ನು ಕೂಗಿ ಹೇಳಿ, ಅವಳ ಪರವಾಗಿ ಕಾಯಿ ಸರಿಸುವವರೂ ನಬೀಸಾಬರೇ, ಸೋಲುವವರೂ ಅವರೇ.

"ಬೆನ್ನು ಮಾಡಿ ಕುಂತ್ರೂ ನನ್ನ ಗತಿ ಹೆಂಗ್ ಗೊತ್ತಾಗ್ತದ ಬೇಟಿ?"

"ಸೋಲಾಕತ್ತಿದ್ರ ನೀ ಕೆಮ್ಮತಿ, ಮುತ್ಯಾ."

ನಬೀಸಾಬ್ ಅವಳಿಗೆ ಎರಡೂ ಆಟ ಕಲಿಸಿದ್ದಾರೆ. ರಾಜ ಹಾರುವುದು ಊರ ಆಟ. ಹಾರದಿರುವುದು ಶಾಲೆಯ ಆಟ. ಕಲಿತ ಈ ಒಂದು ವರ್ಷದಲ್ಲಿ ಅವಳು ಅವೆರಡನ್ನು ಒಂದು ಸಲವೂ ಬೆರೆಸಿಲ್ಲ. ಹಾಗಾದರೆ ಅಂದು ಯಾಕೆ ಹಾರಿಸಿದಳು? ನಾನೂ ಕೇಳಿದೆ.

"ಒಂದ್ ಮನಿ ಸರಿಸಿದ್ರೂ ಗೆಲ್ತಿದ್ದೆ ರೀ ಮೇಡಂ. ಖರೇ ಅಂದ್ರ ರಾಜನ್ನ ಮುಟ್ಟೋದೇ ಬೇಕಿದ್ದಿಲ್ಲ. ಆದ್ರ ಸಾಹೇಬ್ರು ಕಾಯಾಕತ್ತೀನಿ ಅಂದಿದ್ರಲ್ರಿ. ಕೊನೀ ಆಟ ಅದು. ಆಮ್ಯಾಲೆ ಯಾರು ತೋರಿಸ್ತಾರ?"

ತಿಳಿಯಿತೇ, ಅಧ್ಯಕ್ಷರೇ? ಅವಳು ತಪ್ಪಿ ಆಡಲಿಲ್ಲ. ನೀವು ಕಾಯುತ್ತಿದ್ದೀರೆಂದು ಮರುಗಿ ಆಡಿದಳು. ನಿಮ್ಮನ್ನು ಕಂಡು ಯಾರಾದರೂ ಮರುಗಿದ್ದು ಅದೇ ಮೊದಲಿರಬೇಕು.

ಇಷ್ಟೆಲ್ಲ ಬರೆಯುವ ನಾನು ಯಾರು? ಆ ಭಾಷಣ ಬರೆದವಳು. "ಮೇಡಂ, ನೀವು ಕವಿತೆ ಓದೋರು, ಸ್ವಲ್ಪ ಚಂದಗಿ ಬರೆದು ಕೊಡ್ರಿ" ಎಂದು ನಿಮ್ಮ ಕಚೇರಿಯವರು ದೇವದುರ್ಗಕ್ಕೆ, ನಾನು ಪಾಠ ಮಾಡುವ ಕಾಲೇಜಿಗೇ ಬಂದಿದ್ದರು. ಚಂದವಾಗಿಯೇ ಬರೆದೆ. ಆ ಹಾರಿಕೆ ನನಗೆ ಗ್ರಂಥದಿಂದ ಸಿಕ್ಕಿದ್ದಲ್ಲ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ನನ್ನ ಅಪ್ಪ ಹಂಪಯ್ಯ ಆಡುತ್ತಿದ್ದದ್ದು. ಚಹಾ ತಂದು ಕೊಡುವಾಗ ಕಟ್ಟೆಯ ಪಕ್ಕ ನಿಂತು ನೋಡಿದ್ದು. ನನ್ನನ್ನು ಯಾರೂ ಆಡಲು ಕೂರಿಸಲಿಲ್ಲ. ನಲವತ್ತು ವರ್ಷದ ಮೇಲೆ ಆ ನಡೆಯನ್ನು ಒಂದು ಪ್ಯಾರಾ ಮಾಡಿ ನಿಮ್ಮ ಬಾಯಿಗೆ ಹಾಕಿದೆ. "ಆ ಮಗುವಿಗಾಗಿ ನಾನು ಕಾಯುತ್ತೇನೆ" ಎಂಬ ಸಾಲು ಬರೆದು ಮುಗಿಸಿ, ಅದನ್ನು ನಾನೇ ಎರಡು ಸಲ ಜೋರಾಗಿ ಓದಿಕೊಂಡೆ. ಮನೆಯಲ್ಲಿ ಜೋರಾಗಿ ಓದುವವರು ಮಂಟಪದಲ್ಲಿ ಬಾಯಿ ಬಿಡುವುದಿಲ್ಲ. ಹುಲಗೆಮ್ಮನನ್ನು ಎಬ್ಬಿಸಿದಾಗ ನಾನು ಮೂರನೇ ಸಾಲಿನಲ್ಲಿದ್ದೆ. ಆ ಮಾತು ನನ್ನದು, ತಪ್ಪು ನನ್ನದು ಎಂದು ಎದ್ದು ಹೇಳಲಿಲ್ಲ. ನಿಮ್ಮ ಸಮಿತಿ ಕೊಟ್ಟ ಶಾಲು ಮಡಿಲಲ್ಲಿತ್ತು, ಅದನ್ನು ಮಡಚುತ್ತ ಕೂತೆ.

ಮೊನ್ನೆ ನಿಮ್ಮ ಸ್ಮರಣ ಸಂಚಿಕೆ ಅಂಚೆಯಲ್ಲಿ ಬಂತು. ಮುಖಪುಟದಲ್ಲಿ ಹುಲಗೆಮ್ಮ, ಗಾಳಿಯಲ್ಲಿ ಎತ್ತಿದ ಅವಳ ಕೈ, ಕೈಯಲ್ಲಿ ರಾಜ. ಕೆಳಗೆ ಬರೆದಿದ್ದೀರಿ: "ನಮ್ಮ ಪ್ರಾಚೀನ ನಡೆಯ ಪ್ರಾತ್ಯಕ್ಷಿಕೆ ನೀಡುತ್ತಿರುವ ಗ್ರಾಮೀಣ ಬಾಲಕಿ." ಹೆಸರಿಲ್ಲ. ಯಾವ ನಡೆಗೆ ಅವಳನ್ನು ಹೊರಗೆ ಹಾಕಿದಿರೋ ಅದೇ ನಡೆ ಈಗ ನಿಮ್ಮ ಉತ್ಸವದ ಸಾಧನೆ. ತಪ್ಪಾದರೆ ಮುಖಪುಟದಿಂದ ತೆಗೆಯಿರಿ. ಸಾಧನೆಯಾದರೆ ಸೀಟು ಕೊಡಿ. ಎರಡನ್ನೂ ನೀವೇ ಇಟ್ಟುಕೊಳ್ಳುವುದಕ್ಕೆ ನಿಘಂಟಿನಲ್ಲಿ ಒಂದು ಪದವಿದೆ. ನಾನು ಮೇಡಂ ಆದ್ದರಿಂದ ಬರೆಯುತ್ತಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಅರಕೇರಾದಿಂದ ಕಟ್ಟಡದ ಕೆಲಸದವರ ಗಾಡಿ ಬೆಂಗಳೂರಿಗೆ ಹೊರಡುತ್ತದೆ. ಹುಲಗೆಮ್ಮನ ತಾಯಿ ಮಲ್ಲೇಶ್ವರಿ ಹೋಗುತ್ತಾಳೆ. ತಂಗಿಯನ್ನು ನೋಡಿಕೊಳ್ಳಲು ಹುಲಗೆಮ್ಮನೂ ಹೋಗುತ್ತಾಳೆ. "ಸೀಟ್ ಸಿಕ್ಕಿದ್ರ ಬಿಟ್ಟು ಹೋಗ್ತಿದ್ದೆ ರೀ. ಈಗ ಯಾರ ಮನ್ಯಾಗ ಬಿಡ್ಲಿ?" ಎಂದಳು ಮಲ್ಲೇಶ್ವರಿ.

ನನ್ನ ಬೇಡಿಕೆ ಇಷ್ಟು. ಭಾನುವಾರದೊಳಗೆ ಅದೇ ಮಂಟಪದಲ್ಲಿ ಅದೇ ಆಟವನ್ನು, ನಿಲ್ಲಿಸಿದ ಜಾಗದಿಂದ ಮತ್ತೆ ಆಡಿಸಿ. ಕಾಯಿಗಳು ಎಲ್ಲಿದ್ದವೆಂದು ಬರೆದಿಟ್ಟಿಲ್ಲ ಎನ್ನಬೇಡಿ, ಹುಲಗೆಮ್ಮ ಬೆನ್ನು ಮಾಡಿ ಕೂತು ಹೇಳುತ್ತಾಳೆ. ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಡಿ. ಗೆದ್ದರೆ ಸೀಟು ಅವಳದು. ಸೋತರೆ ಅವಳು ಗಾಡಿ ಹತ್ತಲಿ, ನಾನು ಮತ್ತೆ ಒಂದಕ್ಷರ ಬರೆಯುವುದಿಲ್ಲ. ಆದರೆ ಆಟ ಮುಗಿಯುವವರೆಗೆ ಆ ಟವೆಲ್ ಹಾಸಿದ ಕುರ್ಚಿಯಲ್ಲಿ ನೀವು ಕೂತಿರಬೇಕು. ಯಾಕೆಂದರೆ ಅರಕೇರಾದಿಂದ ನಾನು ಹೊರಟಾಗ ಅವಳು ಹಿಂದೆ ಬಂದು ಕೇಳಿದಳು.

"ನಾ ಹಾರಿಸಿದ್ದು ಸಾಹೇಬ್ರು ಎಲ್ಲಿಂದಾದ್ರೂ ನೋಡಿದ್ರೇನ್ರಿ, ಮೇಡಂ?"

ನೋಡಿದರು ಎಂದೆ.

"ಹಂಗಾದ್ರ ಸಾಕು ಬಿಡ್ರಿ" ಎಂದು ಹೋಗಿ ಹತ್ತಿಯ ಮುಂದೆ ಕೂತಳು.

ನಿಮ್ಮ ಪರವಾಗಿ ನಾನು ಹೇಳಿದ ಕೊನೆಯ ಸುಳ್ಳು ಅದು. ಬಂದು ಅದನ್ನು ನಿಜ ಮಾಡಿ.

ಇಂತಿ,
ನಿಮ್ಮ ಭಾಷಣದ ನಾಲ್ಕನೇ ಪ್ಯಾರಾ ಬರೆದು, ಮೂರನೇ ಸಾಲಿನಲ್ಲಿ ಶಾಲು ಮಡಚುತ್ತ ಕೂತವಳು
ದೇವದುರ್ಗ