ಎರಡು ಮದ್ದುಗಳ ಜಗಳ

೧೪ ಆಗಸ್ಟ್ ೧೯೬೨, ಮಂಗಳವಾರ

ಫ್ಲಾವಿಯಾಳ ಜ್ವರ ಇವತ್ತೂ ನೂರ ಮೂರು. ನ್ಯುಮೋನಿಯಾಕ್ಕೆಂದು ನಾಲ್ಕು ದಿನದಿಂದ ಪೆನಿಸಿಲಿನ್ ಚುಚ್ಚಿ, ಆರು ವರ್ಷದ ಮಗಳ ಮೈಯಲ್ಲಿ ಸೂಜಿಗೆ ಜಾಗ ಉಳಿದಿಲ್ಲ. ಕ್ರಿಮಿಗಳು ಮಾತ್ರ ಆರಾಮವಾಗಿವೆ. ಕಾರಣ ಬೆಳಿಗ್ಗೆ ಸಿಕ್ಕಿತು. ನನ್ನ ಪೂಜ್ಯ ಅತ್ತೆ ಅಪೊಲೋನಿಯಾ ಬಾಯಿ, ಹಡಗಿನಲ್ಲಿ ಕೆಲಸ ಮಾಡುವ ತಮ್ಮ ಮಗ ವಾಲ್ಟರ್ ತಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲುಗಳನ್ನು ಮನೆಯಲ್ಲಿ ಯೇಸುವಿನ ಪಟವಿಟ್ಟು ಪ್ರಾರ್ಥಿಸುವ ಆಲ್ತಾರಿನ ಕೆಳಗೆ, ಮೇಣದಬತ್ತಿಗಳ ಜೊತೆ ಜೋಪಾನ ಮಾಡಿದ್ದರಂತೆ. ದಿನಕ್ಕೆ ನಾಲ್ಕು, ಒಡೆದು ಮಗುವಿನ ಗಂಜಿಗೆ ಬೆರೆಸಿ, ಗುಟ್ಟಾಗಿ!

“ಒಂದು ಮದ್ದಿಗಿಂತ ಎರಡು ಒಳ್ಳೆಯದಲ್ವಾ ಪುತಾ?” ಅಂತ ಅತ್ತೆ ಮಗುವನ್ನು ರಮಿಸುವಂತೆ ನನ್ನನ್ನು ಕೇಳಿದರು.

ಡಾಕ್ಟರ್ ಸಲ್ಡಾನಾ ಹಣೆ ಚಚ್ಚಿಕೊಂಡರು. “ಎಂತ ಮಾರಾಯ್ರೆ! ಕ್ರಿಮಿ ಬೆಳೆಯುವಾಗ ಮೈಸುತ್ತ ಹೊಸ ಗೋಡೆ ಕಟ್ಟಿಕೊಳ್ತದೆ. ಪೆನಿಸಿಲಿನ್ ಅದನ್ನು ಸರಿಯಾಗಿ ಕಟ್ಟಲಿಕ್ಕೆ ಬಿಡುದಿಲ್ಲ, ಕ್ರಿಮಿ ಒಡೆದು ಸಾಯ್ತದೆ. ಈ ಕ್ಯಾಪ್ಸೂಲ್ ಕೊಲ್ಲುದಿಲ್ಲ, ಬೆಳವಣಿಗೆಯನ್ನೇ ನಿಲ್ಲಿಸ್ತದೆ. ಕಟ್ಟುವ ಕೆಲಸವೇ ನಿಂತರೆ ನನ್ನ ಸೂಜಿ ಎಂತ ಮಾಡ್ಬೇಕು?”

ಅಂದರೆ ನಾವು ಶತ್ರುವನ್ನು ಮಲಗಿಸಿ ಕಾಪಾಡಿದ್ದೇವೆ. ಈ ಮಾತನ್ನು ಮೊದಲ ದಿನವೇ ಹೇಳಿದ್ದರೆ ಡಾಕ್ಟರರ ನಾಲಿಗೆ ಸವೆಯುತ್ತಿತ್ತೇ? ನಮ್ಮ ಕೇರಿಯ ಪ್ರತಿ ಆಲ್ತಾರಿನಡಿ ಒಂದು ಔಷಧದ ಅಂಗಡಿ ಇರುವುದು ಅವರಿಗೆ ಗೊತ್ತಿಲ್ಲವೇ?

ಕ್ಯಾಪ್ಸೂಲು ನಿಂತಿದೆ, ಸೂಜಿ ಮುಂದುವರಿದಿದೆ. ಅತ್ತೆಗೆಂದು ಹದಿನೇಳು ಖಾರದ ಮಾತು ಸಿದ್ಧಮಾಡಿಕೊಂಡು ಒಳಗೆ ಹೋದೆ. ಮಗುವಿನ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದವರು ತಲೆಯೆತ್ತದೆ ಅಂದರು: “ಬೈಯುದಾದರೆ ನಾಳೆ ಬೈ ಪುತಾ, ಇವಳಿಗೆ ಈಗಷ್ಟೇ ಕಣ್ಣು ಹತ್ತಿದೆ.”

ಸರಿ. ಮೊದಲು ಜ್ವರ ಇಳಿಯಲಿ. ಬೈಗುಳವೇನು ಕೆಡುವ ಸರಕಲ್ಲ...