ನೀಲಿ ಚುಕ್ಕಿ

ಮಾರ್ಚ್ 4. ಮಧ್ಯಾಹ್ನ ಎರಡೂವರೆ

ಇಪ್ಪತ್ತೆರಡು ರಕ್ತದ ಸ್ಯಾಂಪಲ್. ಹದಿನೇಳು ಮುಗಿದವು. ಬಿಳಿ ಉಡುಪಿನ ಮೇಲೆ ಮತ್ತೆ ನೇರಳೆ ಬಣ್ಣ ಚೆಲ್ಲಿಕೊಂಡೆ. ರಾತ್ರಿ ಊಟದ ಹೊತ್ತಿಗೆ ಕಾನ್ವೆಂಟಿನ ಮದರ್ ಅವರಿಂದ ಉಪದೇಶ ಖಚಿತ.

ಹದಿನೆಂಟನೆಯವನು ಬ್ಯಾಟರಿ ಕಾರ್ಖಾನೆಯವನು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕುಲುಮೆಯಲ್ಲಿ ಕೆಲಸ. ತಡೆಯಲಾರದ ಹೊಟ್ಟೆನೋವು. ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿದೆ. ಹೆಂಡತಿಯೇ ಅದನ್ನು ಎತ್ತಿ ಮೇಜಿನ ಮೇಲಿಟ್ಟಳು, ಬೇರೆ ಯಾರದೋ ವಸ್ತು ಎನ್ನುವ ಹಾಗೆ.

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕೆಂಪು ಕಣಗಳ ತುಂಬ ನೀಲಿ ಚುಕ್ಕಿ. ಕಾರ್ಖಾನೆ ಪಕ್ಕದ ಕಾರ್ಮಿಕರ ಓಣಿಯಿಂದ ಈ ವಾರ ಒಂಬತ್ತನೆಯದು. ಒಬ್ಬರಲ್ಲಿ ಕಂಡರೆ ಬೇರೇನೋ ಇರಬಹುದು. ಒಂಬತ್ತು ಜನರಲ್ಲಿ ಕಂಡರೆ — ಸೀಸ.

ಮದರ್‌ಗೆ ಹೇಳಿದೆ.

"ರಕ್ತಹೀನತೆ ಅಂತ ಬರೀರಿ ಸಿಸ್ಟರ್. ಐರನ್ ಮಾತ್ರೆ ಕೊಡಿ."

"ಆದ್ರೆ ಮದರ್..."

"ಈ ಲ್ಯಾಬ್ ಕಟ್ಟಿಸಿಕೊಟ್ಟೋರು ಯಾರು, ಗೊತ್ತಲ್ಲ?"

ಗೊತ್ತು. ಕಾರ್ಖಾನೆಯ ಮಾಲೀಕರು. ಬರೆದೆ: ರಕ್ತಹೀನತೆ.

ಮಾರ್ಚ್ 9, ಭಾನುವಾರ

ಪೂಜೆ ಮುಗಿದ ಮೇಲೆ ಓಣಿಯ ಫಾದರ್ ನೇರ ಲ್ಯಾಬಿಗೆ ಬಂದರು. ಚರ್ಚಿನ ಗುರುಮನೆ ಬಿಟ್ಟು ಎರಡು ವರ್ಷದಿಂದ ಕಾರ್ಮಿಕರ ನಡುವೆ ಬಾಡಿಗೆ ಕೋಣೆಯಲ್ಲಿದ್ದಾರೆ. ಸಂಜೆ ಅವರನ್ನೆಲ್ಲ ಕೂರಿಸಿಕೊಂಡು ಬೈಬಲ್ ಓದಿಸುತ್ತಾರೆ. ನಿನ್ನೆ ಈಜಿಪ್ಟಿನಲ್ಲಿ ಗುಲಾಮರು ಇಟ್ಟಿಗೆ ಮಾಡುವ ಭಾಗವಂತೆ. ಓದಿ ಮುಗಿದಾಗ ಒಬ್ಬ ಕೇಳಿದನಂತೆ: "ಅವರಿಗೂ ಹೊಟ್ಟೆನೋವು ಬರ್ತಿತ್ತಾ ಫಾದರ್?"

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

"ಹೆಸರು ಬೇಡ ಸಿಸ್ಟರ್. ಎಷ್ಟು ಜನರ ರಕ್ತದಲ್ಲಿ ಸೀಸ ಅಂತ ಮಾತ್ರ ಹೇಳಿ."

"ನಾವು ಎಲ್ಲರಿಗೂ ಸೇರಿದವರು ಫಾದರ್. ಒಬ್ಬರ ಪರ ನಿಲ್ಲೋಕಾಗಲ್ಲ."

"ದೇವರು ಎಲ್ಲರ ಪರ ಅಂತ ನಾನೂ ಹೇಳ್ಕೊಂಡು ಬಂದೋನೇ. ಕುಲುಮೆ ಮುಂದೆ ನಿಂತೋನ ಪರ ಇಲ್ದೆ ಎಲ್ಲರ ಪರ ಹೇಗಾಗ್ತಾನೆ ಹೇಳಿ?"

ಸ್ಲೈಡ್ ತೊಳೆಯಲು ತಿರುಗಿದೆ. ನನ್ನ ತಮ್ಮ ಅದೇ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ಮೂರು ವರ್ಷ ಅಲೆದ ಮೇಲೆ ಸಿಕ್ಕ ಕೆಲಸ, ಮನೆಯಲ್ಲಿ ಎರಡು ಮಕ್ಕಳು. ಅದನ್ನು ಹೇಳಲಿಲ್ಲ. ಪುಕ್ಕಲಿ ನಾನು. ಚಿಕ್ಕಂದಿನಿಂದಲೂ.

ಮಾರ್ಚ್ 12

ಫಾದರ್ ಇವತ್ತು ರೋಗಿಗಳ ಸಾಲಿನಲ್ಲೇ ಕೂತು ಬಂದರು. ತೋಳು ಚಾಚಿದರು. ಒಂದು ತಿಂಗಳಿಂದ ತಲೆನೋವಂತೆ, ಬಾಯಲ್ಲಿ ಲೋಹದ ರುಚಿಯಂತೆ. ಕುಲುಮೆಯ ಹತ್ತಿರ ಒಂದು ದಿನವೂ ಹೋದವರಲ್ಲ. ಓಣಿಯಲ್ಲಿ ವಾಸ, ಅಷ್ಟೇ.

ಚುಕ್ಕಿ ಇವೆ.

ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದೆ. ತಲೆ ಎತ್ತಿದರೆ ಏನಾದರೂ ಹೇಳಬೇಕಲ್ಲ.

"ನನ್ನ ಚೀಟಿ ಮೇಲೆ ನಿಜ ಬರೀರಿ ಸಿಸ್ಟರ್. ರೋಗಿ ನಾನೇ, ಕೇಳ್ತಿರೋನೂ ನಾನೇ."

ಬರೆದೆ. ಸೀಸದ ವಿಷದ ಶಂಕೆ. ಲ್ಯಾಬ್ ರಿಜಿಸ್ಟರಿನಲ್ಲೂ ಅದನ್ನೇ ಬರೆದೆ.

ಮಾರ್ಚ್ 17. ರಾತ್ರಿ

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹದಿನಾಲ್ಕು ಹೆಂಗಸರು. ಮುಂದೆ ನಿಂತವಳು ಆ ಜೋತುಬಿದ್ದ ಕೈಯವನ ಹೆಂಡತಿ.

"ಫಾದರ್‌ಗೆ ಬರೆದುಕೊಟ್ರಂತಲ್ಲ ಸಿಸ್ಟರ್. ನಮಗೂ ಬರೆದುಕೊಡಿ. ನಮ್ಮ ರಕ್ತ ತಾನೆ."

ಕೊಟ್ಟೆ. ಸಂಜೆಯವರೆಗೆ ಕೊಡುತ್ತಲೇ ಇದ್ದೆ. ಮದರ್ ಎರಡು ಸಲ ಬಾಗಿಲ ಬಳಿ ಬಂದು ನಿಂತರು. ಸಾಲು ನೋಡಿ ಹೋದರು. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಮಾರ್ಚ್ 20

ಕಾರ್ಖಾನೆಯ ಮ್ಯಾನೇಜರ್ ಬಂದಿದ್ದರು. ಬಹಳ ಮರ್ಯಾದಸ್ಥ. ನಾನು ಕೂರುವವರೆಗೂ ನಿಂತೇ ಇದ್ದರು.

"ಗೇಟಿನಲ್ಲಿರೋರು ನಿಮ್ಮ ತಮ್ಮ ಅಂತೆ ಸಿಸ್ಟರ್? ಗೊತ್ತೇ ಇರಲಿಲ್ಲ. ಒಳ್ಳೆ ಕೆಲಸಗಾರ. ಗೇಟಿನಲ್ಲಿಟ್ಟು ವೇಸ್ಟ್ ಮಾಡ್ತಿದ್ದೀವಿ."

ಇಷ್ಟೇ. ಗೇಟಿನಿಂದ ಒಳಗೆ ಅಂದರೆ ಕುಲುಮೆ.

ಮಾರ್ಚ್ 22

ತಮ್ಮನ ಫೋನ್. ಬರುವ ಸೋಮವಾರದಿಂದ ಕುಲುಮೆಗೆ ಹಾಕಿದ್ದಾರೆ.

"ಪ್ರಮೋಷನ್ ಅಂತೆ ಅಕ್ಕ. ನೀನೇನಾದ್ರೂ ಹೇಳಿದ್ಯಾ?"

"ಇಲ್ಲಪ್ಪ," ಅಂದೆ.

ಮಾರ್ಚ್ 24

ಚೀಟಿ ನಿಲ್ಲಿಸಿದೆ. ರಕ್ತಕ್ಕೆ ಹಾಕುವ ನೇರಳೆ ಬಣ್ಣ ಮುಗಿದಿದೆ ಎಂದು ಸುಳ್ಳು ಹೇಳಿದೆ. ಬಾಟಲಿ ನನ್ನ ಹಿಂದೆಯೇ ಕಪಾಟಿನಲ್ಲಿ. ಹೆಂಗಸರು ನಂಬಿ ವಾಪಸ್ ಹೋದರು. ನಂಬಿದರಲ್ಲ, ಅದೇ...

ಪ್ರಾರ್ಥನೆಗೆ ಕೂತರೆ ಬಾಯಿ ಮಾತ್ರ ಆಡುತ್ತದೆ.

ಏಪ್ರಿಲ್ 13

ತಮ್ಮ ಬಂದಿದ್ದ. ಇಳಿದುಹೋಗಿದ್ದಾನೆ. ಕೊಟ್ಟ ಚಹಾ ಹಾಗೇ ಆರಿತು.

"ಚೀಟಿ ಕೊಡೋದು ನಿಲ್ಲಿಸಿದ್ಯಂತೆ. ನನಗೋಸ್ಕರಾನಾ?"

ಚಹಾ ಇನ್ನೊಮ್ಮೆ ಬಿಸಿ ಮಾಡಲು ಎದ್ದೆ.

"ಕುಲುಮೆ ಹತ್ರ ನನ್ನ ಪಕ್ಕ ನಿಂತೋರು ನನ್ನ ಮುಖ ನೋಡಲ್ಲ ಅಕ್ಕ. ಸಿಸ್ಟರ್ ತಮ್ಮ ಅಂತ ಗೊತ್ತವರಿಗೆ. ಬಿಸಿ ಆದ್ರೂ ತಡ್ಕೋತೀನಿ. ಇದಾಗಲ್ಲ."

"ಕೆಲಸ ಬಿಟ್ಟುಬಿಡೋ."

"ಬಿಟ್ಟು? ಆ ಜಾಗಕ್ಕೆ ಇನ್ನೊಬ್ಬರ ತಮ್ಮ ಬರ್ತಾನೆ ಅಷ್ಟೇ. ನೀನು ಚೀಟಿ ಬರಿ."

ಏಪ್ರಿಲ್ 14

ಶುರು ಮಾಡಿದೆ. ಮಧ್ಯಾಹ್ನದೊಳಗೆ ಹನ್ನೊಂದು.

ಮೇ 6. ಬೆಳಿಗ್ಗೆ ಒಂಬತ್ತು

ಅರವತ್ಮೂರು ಚೀಟಿ ಸೇರಿಸಿ ಹೆಂಗಸರು ಫಾದರ್ ಜೊತೆ ಕಾರ್ಮಿಕ ಇಲಾಖೆಗೆ ಕೊಟ್ಟಿದ್ದರು. ಇನ್ಸ್‌ಪೆಕ್ಟರ್ ಹತ್ತು ಗಂಟೆಗೆ ಬಂದು ಲ್ಯಾಬ್ ರಿಜಿಸ್ಟರ್ ನೋಡುತ್ತಾರಂತೆ. ಮ್ಯಾನೇಜರ್ ಆಗಲೇ ಬಂದು ಮದರ್ ಎದುರು ಕೂತಿದ್ದಾರೆ, ರಿಜಿಸ್ಟರ್ ಬೇಕೆಂದು. ನನಗೂ ಕರೆ ಬಂದಿದೆ. ರಿಜಿಸ್ಟರ್ ಕಪಾಟಿನಿಂದ ತೆಗೆದುಕೊಂಡೆ.

ಹನ್ನೆರಡೂವರೆ

ಮದರ್ ಎದುರು ನಿಂತಿದ್ದೆ, ರಿಜಿಸ್ಟರ್ ಎದೆಗೊತ್ತಿಕೊಂಡು. ಕೊಟ್ಟುಬಿಡಿ ಎನ್ನುತ್ತಾರೆ ಎಂದುಕೊಂಡಿದ್ದೆ. ಎಂದಿದ್ದರೆ ಕೊಡುತ್ತಿದ್ದೆ. ನಿಜ ಅದು.

ಮದರ್ ಮ್ಯಾನೇಜರ್ ಕಡೆ ತಿರುಗಿದರು. "ರಿಜಿಸ್ಟರ್ ರೋಗಿಗಳದ್ದು. ಕಟ್ಟಡ ನಿಮ್ಮದು, ಬೇಕಾದ್ರೆ ಅದನ್ನ ತಗೊಂಡ್ಹೋಗಿ." ಮ್ಯಾನೇಜರ್ ಹೋದ ಮೇಲೆ ಮದರ್ ನೀರು ಕುಡಿಯಲು ಲೋಟ ಎತ್ತಿ ಅರ್ಧ ಮೈಮೇಲೆ ಚೆಲ್ಲಿಕೊಂಡರು. ಆಮೇಲೆ ಡ್ರಾಯರಿನಿಂದ ಒಂದು ಪತ್ರ ತೆಗೆದರು. ಮೇಲಿನವರಿಂದ ನನ್ನ ವರ್ಗಾವಣೆ. ಹದಿನೈದಕ್ಕೆ ಹೊರಡಬೇಕು.

"ಬಂದು ಒಂದು ವಾರ ಆಯ್ತು," ಅಂದರು. "ಇವತ್ತು ಮುಗೀಲಿ ಅಂತ ಕಾದೆ."

ಇನ್ಸ್‌ಪೆಕ್ಟರ್ ರಿಜಿಸ್ಟರ್ ತೆಗೆದುಕೊಂಡು ಸಹಿ ಹಾಕಿ ಹೋದರು. ವಿಚಾರಣೆ ಮುಗಿಯುವವರೆಗೆ ಕುಲುಮೆ ಬಂದ್.

ಮೂರೂಕಾಲು

ಕುಲುಮೆ ಆರಿಸಿ ತಮ್ಮ ನೇರ ಇಲ್ಲಿಗೇ ಬಂದ. ತಾನೇ ಅಂಗಿಯ ತೋಳು ಮಡಚಿ ಕೂತ. ಸಾವಿರಾರು ತೋಳಿಗೆ ಸೂಜಿ ಹಾಕಿದ ಕೈ, ಇವತ್ತು ಎರಡು ಸಲ ನರ ತಪ್ಪಿತು. "ಚಿಕ್ಕಂದಿನಲ್ಲೂ ಹಿಂಗೇ ಚುಚ್ತಿದ್ದೆ ನೀನು," ಅಂತ ನಕ್ಕ.

ಸ್ಲೈಡ್ ಒಣಗಿ ಹತ್ತು ನಿಮಿಷ ಆಯಿತು. ಮೈಕ್ರೋಸ್ಕೋಪ್ ಕೆಳಗೇ ಇದೆ. ನಾನು ಇದನ್ನು ಬರೆಯುತ್ತ ಕೂತಿದ್ದೇನೆ.

ಹೊರಗಿನ ಬೆಂಚಿನಿಂದ ಎರಡು ಸಲ ಕೇಳಿದ, "ಆಯ್ತಾ ಅಕ್ಕ?"

ಒಂದು ನಿಮಿಷ ಅಂದೆ. ಪೆನ್ನು ಕೆಳಗಿಟ್ಟು ಈಗ ನೋಡುತ್ತೇನೆ.