ಖಣಿಯ ನೀರು

೬ ಸೆಪ್ಟೆಂಬರ್ ೧೯೫೩, ರವಿವಾರ. ಶಹಾಬಾದ

ಶಾಲೆಗೆ ರಜೆ. ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಇವರು ಚಾಪೆ ಹಾಸಿ ಕಾಯುತ್ತಿದ್ದರು. ವಾಡಿ ಸ್ಟೇಷನ್ನಿನಲ್ಲಿ ಫಸ್ಟ್ ಏಡ್ ಕ್ಲಾಸು ನಡೆದಿದೆ, ಇವರಂಥ ರೈಲ್ವೆ ಗಾರ್ಡುಗಳೆಲ್ಲ ಪಾಸಾಗಬೇಕಂತೆ.

"ರತ್ನಾ, ನೀ ನೀರಾಗ ಮುಳುಗಿದಾಕಿ. ಬೋರಲ ಮಕ್ಕೋ."

ಬೆನ್ನ ಮೇಲೆ ಅಂಗೈ ಊರಿ ಒತ್ತುವುದು, ಬಿಡುವುದು, ಮೊಣಕೈ ಹಿಡಿದು ಎತ್ತುವುದು. ಕಚಗುಳಿಯಾಗಿ ನಕ್ಕುಬಿಟ್ಟೆ. "ಮುಳುಗಿದವರು ನಗಂಗಿಲ್ಲ," ಎಂದರು. ಪಕ್ಕದ ಮನೆ ಜೈತುನ್ಬೀಯ ಮಗಳು ಕಮರು — ಇನ್ನೂ ಮೂರು ತುಂಬಿಲ್ಲ — ಬಾಗಿಲಲ್ಲಿ ನಿಂತು ನೋಡಿ, ತಾನೂ ಬಂದು ನನ್ನ ಬೆನ್ನೇರಿ ಕೂತಳು. ಅಲ್ಲಿಗೆ ಪಾಠ ಮುಗಿಯಿತು.

೧೧ ಸೆಪ್ಟೆಂಬರ್

ಇವರು ಪಾಸು. ಪೇಢೆ ತಂದರು. ಹೆಚ್ಚಿನವು ಕಮರು ಹೊಟ್ಟೆಗೆ.

ಮಳೆ ಬಿಟ್ಟೂಬಿಡದೆ. ಮನೆ ಹಿಂದಿನ ಹಳೇ ಖಣಿ — ಫರ್ಸಿ ಕಲ್ಲು ತೆಗೆದು ಹಾಗೇ ಬಿಟ್ಟದ್ದು — ಅಂಚಿನವರೆಗೆ ನೀರು ತುಂಬಿದೆ. ಈಗ ನಾವೆಲ್ಲ ಅಲ್ಲೇ ಬಟ್ಟೆ ಒಗೆಯುತ್ತೇವೆ. ಬಾವಿ ದೂರ.

೨೦ ಸೆಪ್ಟೆಂಬರ್

ಇಷ್ಟು ದಿನ ಬರೆಯಲಾಗಲಿಲ್ಲ. ಇವತ್ತು ಮನಸ್ಸು ಹಗುರ.

ಗುರುವಾರ ಶಾಲೆಯಲ್ಲಿ ಪಾಠ ಹೇಳಿ ಬಂದು ಚಹಾಕ್ಕೆ ಇಟ್ಟಿದ್ದೆ. ಜೈತುನ್ಬೀಯ ಕೂಗು. ಓಡಿದೆ. ಅವಳ ಗಂಡ ಜಿಲಾನಿ ಖಣಿಯ ನೀರಿನಿಂದ ಕಮರುವನ್ನು ಎತ್ತಿಕೊಂಡು ಬರುತ್ತಿದ್ದ. ತಾಯಿ ಬಟ್ಟೆ ಹರವಲು ಆಚೆ ತಿರುಗಿದ್ದಳು, ಅಷ್ಟೇ. ತುಟಿ ನೀಲಿ. ಉಸಿರಿಲ್ಲ.

ಎದುರುಮನೆಯ ಮಹಾದೇವಮ್ಮ, ನಮಗೆಲ್ಲ ಹಿರಿಯರು: "ಕಾಲು ಹಿಡದು ಗರಗರ ತಿರುಗಿಸು ಜಿಲಾನಿ, ನೀರು ಹೊರಗ ಬೀಳ್ತದ." ಅವನು ಕಾಲು ಹಿಡಿದೇಬಿಟ್ಟಿದ್ದ.

"ಬ್ಯಾಡ. ಕೆಳಗ ಮಲಗಿಸು," ಎಂದೆ.

"ಅಕ್ಕೋರೆ, ನಿಮಗ ಬರ್ತದೇನ್ರಿ?" ಎಂದ ಜಿಲಾನಿ.

"ಬರ್ತದ."

ಬರುತ್ತಿರಲಿಲ್ಲ. ಮಾಡಿಸಿಕೊಂಡದ್ದಷ್ಟೇ ಗೊತ್ತು. ಬಾಯೊಳಗಿನ ಕೆಸರು ತೆಗೆದೆ. ಬೋರಲು ಮಲಗಿಸಿ ಮುಖ ಒಂದು ಬದಿಗೆ ಮಾಡಿದೆ. ಇವರ ಕೈ ನನ್ನ ಬೆನ್ನಿನ ಮೇಲೆ ಎಲ್ಲಿತ್ತೋ ಅಲ್ಲಿ ನನ್ನ ಕೈ. ಎಷ್ಟು ಸಣ್ಣ ಬೆನ್ನು... ಅಂಗೈ ಹಿಡಿಸಲಿಲ್ಲ, ಬೆರಳಷ್ಟೇ ಊರಿದೆ. ಒತ್ತು... ಬಿಡು... ಎತ್ತು...

"ಹೋಗ್ಯಾದ, ಬಿಡವ್ವ," ಎಂದರು ಮಹಾದೇವಮ್ಮ. ಬಿಡಲಿಲ್ಲ. ಬಿಟ್ಟರೆ ತಲೆಯೆತ್ತಿ ಜೈತುನ್ಬೀಯ ಮುಖ ನೋಡಬೇಕಾಗುತ್ತಿತ್ತು.

ಮೂಗಿನಿಂದ ನೀರು. ಒಂದು ಬಿಕ್ಕು. ಕೆಮ್ಮು. ಆಮೇಲೆ ಅಳು. ಮಹಾದೇವಮ್ಮ ಸೆರಗು ಸುತ್ತಿ ಎದೆಗವಚಿಕೊಂಡವರು ತಾಯಿಗೂ ಕೊಡಲೊಲ್ಲರು.

ಸಂಜೆ ಇವರು ಡ್ಯೂಟಿ ಮುಗಿಸಿ ಬಂದು ಕೇಳಿದವರೇ, "ಉಸಿರು ಬಂತಂದ್ರ ಮುಗೀಲಿಲ್ಲ, ದವಾಖಾನಿಗೆ ಒಯ್ಯಬೇಕು," ಎಂದರು. ಮುಂದಿನ ಗಾಡಿಗೇ ಎಲ್ಲರೂ ಕಲಬುರ್ಗಿಗೆ. ಎದೆಯಲ್ಲಿ ನೀರು ಉಳಿದಿತ್ತಂತೆ, ಜ್ವರ ಏರಿತು. ಇಂದು ಇಳಿದಿದೆಯೆಂದು ಜಿಲಾನಿ ಬಂದು ಹೇಳಿದ. ಪೇಢೆ ಕೇಳಿದಳಂತೆ.

೪ ಅಕ್ಟೋಬರ್, ರವಿವಾರ

ಜಿಲಾನಿ ಮತ್ತು ಅವನ ಜೊತೆಯ ಕಲ್ಲುಕೆಲಸದವರು ಖಣಿಯ ಸುತ್ತ ಫರ್ಸಿ ನಿಲ್ಲಿಸಿ ಬೇಲಿ ಮಾಡುತ್ತಿದ್ದಾರೆ, ಎದೆಮಟ್ಟ. ಬಟ್ಟೆಗೆ ಮತ್ತೆ ಆ ದೂರದ ಬಾವಿಯೇ. ಯಾರೂ ಗೊಣಗಲಿಲ್ಲ — ಮಹಾದೇವಮ್ಮ ಮಾತ್ರ ಸ್ವಲ್ಪ.

ಜೈತುನ್ಬೀ ಬಾವಿಗೆ ಹೋಗುವಾಗ ಕಮರುವನ್ನು ನನ್ನ ಹತ್ತಿರ ಬಿಡುತ್ತಾಳೆ. ನನಗೂ ಅದೇ ಬೇಕು. ಈಗ ಮಗ್ಗುಲಲ್ಲೇ ಕೂತಿದ್ದಾಳೆ. "ನಾನೂ ಬರೀತೀನಿ" ಅಂತಾಳೆ. ಬಳಪ ಕೊಟ್ಟೆ, ಒಲ್ಲಳು. ನಾನು ಬರೆಯುವ ಟಾಕೇ ಆಗಬೇಕಂತೆ. ಶಾಯಿ ದೌತಿ ಎಳೆದುಕೊಂಡಳು... ಇರು ಕಮರು, ಚೆಲ್—